ಜೆಮ್ಸ್ ಪ್ಯಾಕೆಟ್‌ನಲ್ಲಿ ರೇಷ್ಮೆ ಗೂಡು: ಮಕ್ಕಳಿಗೆ ಇನ್ನೊಬ್ಬರ ಮನಸ್ಸು ಯಾವಾಗ ಗೊತ್ತಾಗುತ್ತದೆ, ಮನೆಯಲ್ಲೇ ನೋಡುವುದು ಹೇಗೆ

ನಮ್ಮಕ್ಕನ ಮನೆ ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿಯಲ್ಲಿದೆ. ರೇಷ್ಮೆ ಸಾಕುವ ಮನೆ. ಅಕ್ಕನಿಗೆ ಮೂರು ಮಕ್ಕಳು. ದೊಡ್ಡವಳಿಗೆ ಐದು ತುಂಬುತ್ತಿದೆ, ನಡುವಿನ ಹುಡುಗನಿಗೆ ಮೂರೂವರೆ, ಪಾಪುಗೆ ಒಂದೂವರೆ. ಹೋದ ಸಲ ಹೋದಾಗ ಹುಡುಗ ನನ್ನ ಜೊತೆ ಕಣ್ಣಾಮುಚ್ಚಾಲೆ ಆಡಿದ. ನಾನು ಕಣ್ಣು ಮುಚ್ಚಿ ಎಣಿಸುತ್ತಿದ್ದೆ. ಅವನು ಬಾಗಿಲ ಹಿಂದೆ ಹೋಗಿ ನಿಂತು, "ಮಾವಾ, ನಾನು ಬಾಗಿಲ ಹಿಂದೆ ಇದೀನಿ, ಬಂದು ಹುಡುಕು" ಅಂತ ಕೂಗಿದ. ಎಲ್ಲರೂ ನಕ್ಕರು. ಅಕ್ಕ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು, "ಇವನು ಸ್ವಲ್ಪ ಮಂದ ಅನ್ಸುತ್ತೆ ಕಣೋ, ಇವನ ಅಕ್ಕ ಹಿಂಗಿರಲಿಲ್ಲ" ಅಂದಳು.

ಮಂದ ಅಲ್ಲ, ವಯಸ್ಸು ಹಾಗೆ. ಬಚ್ಚಿಟ್ಟುಕೊಳ್ಳಬೇಕಾದರೆ ಮಗುವಿಗೆ ಒಂದು ಸಂಗತಿ ಹೊಳೆದಿರಬೇಕು: ನನ್ನ ತಲೆಯಲ್ಲಿರುವುದು ಮಾವನ ತಲೆಯಲ್ಲಿ ಇಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಮಾವ ತಪ್ಪು ತಿಳಿದುಕೊಂಡಿರಬಹುದು, ಆ ತಪ್ಪನ್ನೇ ನಿಜ ಅಂದುಕೊಂಡು ಮನೆಯೆಲ್ಲ ಹುಡುಕುತ್ತಿರಬಹುದು. ನಮಗೆ ಇದು ಎಷ್ಟು ಸಲೀಸು ಅಂದರೆ, ಇದನ್ನು ಒಂದು ಕಾಲಕ್ಕೆ ಕಲಿತಿದ್ದೆವು ಅನ್ನುವುದೇ ಮರೆತುಹೋಗಿದೆ. ಅಂದಹಾಗೆ ಇನ್ನೊಬ್ಬರಿಗೂ ಮನಸ್ಸಿದೆ ಅಂತ ತಿಳಿಯುವ ಶಕ್ತಿ ಇದೆಯಾ ಎಂಬ ಪ್ರಶ್ನೆಯನ್ನು 1978ರಲ್ಲಿ ಪ್ರೆಮಾಕ್ ಮತ್ತು ವುಡ್ರಫ್ ಅನ್ನುವ ಮನಶ್ಶಾಸ್ತ್ರಜ್ಞರು ಕೇಳಿದ್ದು ಮಕ್ಕಳ ಬಗ್ಗೆ ಅಲ್ಲ, ಚಿಂಪಾಂಜಿ ಬಗ್ಗೆ. ಮಕ್ಕಳ ಸರದಿ ಆಮೇಲೆ ಬಂತು.

ಆ ದಿನ ಸಂಜೆ ಅಕ್ಕನಿಗೆ ತೋರಿಸಿದ ಆಟಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಖರ್ಚು ಹತ್ತಿಪ್ಪತ್ತು ರೂಪಾಯಿ ಒಳಗೆ. ಆದರೆ ಆಟಕ್ಕಿಂತ ಪ್ರಶ್ನೆ ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. ಎಷ್ಟೋ ಸಲ ಎಡವುವುದು ಮಗು ಅಲ್ಲ, ಕೇಳುವ ನಾವು.

ಮೊದಲ ಆಟ: ಪ್ಯಾಕೆಟ್

ಮೂರರಿಂದ ಐದು ವರ್ಷದ ಮಕ್ಕಳಿಗೆ ಇದು. ಒಂದು ಜೆಮ್ಸ್ ಪ್ಯಾಕೆಟ್ ತನ್ನಿ. ಮಗು ನಿದ್ದೆ ಮಾಡುವಾಗ ಮೇಲಿನ ಅಂಚನ್ನು ಹುಷಾರಾಗಿ ಬಿಡಿಸಿ, ಜೆಮ್ಸ್ ತೆಗೆದು, ಅದರಲ್ಲಿ ಬೇರೆ ಏನಾದರೂ ಹಾಕಿ ಮತ್ತೆ ಅಂಟಿಸಿ. ನಾನು ಎರಡು ರೇಷ್ಮೆ ಗೂಡು ಹಾಕಿದೆ, ಆ ಮನೆಯಲ್ಲಿ ಅದಕ್ಕೇನು ಬರ. ನಿಮ್ಮ ಮನೆಯಲ್ಲಿ ಪೆನ್ಸಿಲ್ ತುಂಡು, ಬಟ್ಟೆಪಿನ್ನು, ಏನಾದರೂ ಆಗುತ್ತದೆ. ತಿನ್ನುವ ವಸ್ತು ಮಾತ್ರ ಬೇಡ. ಸಣ್ಣ ಪಾಪು ಇರುವ ಮನೆಯಾದರೆ ಆಟ ಮುಗಿದ ತಕ್ಷಣ ಎತ್ತಿಡಿ, ಇಲ್ಲದಿದ್ದರೆ ಬಾಯಿಗೆ ಹೋಗುತ್ತದೆ.

ಇಲ್ಲಿ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಮೊದಲು ಬಿಸ್ಕತ್ತಿನ ತಗಡಿನ ಡಬ್ಬಿ ಇಟ್ಟುಕೊಂಡು ಕೂತಿದ್ದೆ. "ಇದರಲ್ಲಿ ಏನಿದೆ?" ಅಂದೆ. ಹುಡುಗ ಒಂದು ಕ್ಷಣವೂ ಯೋಚಿಸದೆ "ಸೂಜಿ ದಾರ" ಅಂದ. ಸರಿಯಾಗೇ ಹೇಳಿದ, ಪಾಪ. ಅವನು ಹುಟ್ಟಿದಾಗಿನಿಂದ ಆ ಡಬ್ಬಿಯಲ್ಲಿ ಬಿಸ್ಕತ್ತು ಕಂಡವನೇ ಅಲ್ಲ. ನಮ್ಮ ಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು, ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆಹಿಟ್ಟು ಇರುವುದೇ ಜಾಸ್ತಿ. ಹಾಗಾಗಿ ಮಗುವಿಗೆ ಒಳಗೇನಿದೆ ಅಂತ ಖಾತ್ರಿ ಇರುವ, ಅಂಗಡಿಯಿಂದ ಬಂದ ಪ್ಯಾಕೆಟ್ಟೇ ಬೇಕು.

ಈಗ ಮಗುವನ್ನು ಕೂರಿಸಿಕೊಳ್ಳಿ. ಅಜ್ಜಿಯೋ ಚಿಕ್ಕಪ್ಪನೋ ಯಾರಾದರೂ ಒಬ್ಬರು ಹೊರಗಿರಲಿ, ಅವರು ಇದನ್ನು ನೋಡಬಾರದು. "ಇದರಲ್ಲಿ ಏನಿದೆ?" ಅಂತ ಕೇಳಿ. ಮಗು "ಜೆಮ್ಸ್" ಅನ್ನುತ್ತದೆ. ಬಿಚ್ಚಿ ತೋರಿಸಿ. ಮುಖ ನೋಡುವ ಹಾಗಿರುತ್ತದೆ. ಮತ್ತೆ ಗೂಡನ್ನು ಒಳಗೆ ಹಾಕಿ ಮುಚ್ಚಿ. ಆಮೇಲೆ ಎರಡು ಪ್ರಶ್ನೆ. ಒಂದು, "ಅಜ್ಜಿ ಇದನ್ನ ಬಿಚ್ಚಿ ನೋಡಿಲ್ಲ. ಇದರಲ್ಲಿ ಏನಿದೆ ಅಂತ ಅಜ್ಜಿ ಅಂದ್ಕೋತಾಳೆ?" ಎರಡು, "ನಾನು ಬಿಚ್ಚೋಕೆ ಮುಂಚೆ ನೀನು ಏನಿದೆ ಅಂದ್ಕೊಂಡಿದ್ದೆ?"

ನಮ್ಮ ಹುಡುಗ ಮೊದಲನೆಯದಕ್ಕೆ "ಗೂಡು" ಅಂದ. ಅಜ್ಜಿ ಹೊರಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು, ಅವರಿಗೆ ಹೇಗೆ ಗೊತ್ತಾಗುತ್ತದೆ? ಅವನಿಗೆ ಅದು ಪ್ರಶ್ನೆಯೇ ಅಲ್ಲ. ಒಳಗಿರುವುದು ಗೂಡು, ಆದ್ದರಿಂದ ಎಲ್ಲರಿಗೂ ಗೂಡು. ಎರಡನೆಯ ಪ್ರಶ್ನೆಗೂ "ಗೂಡು" ಅಂದ! ಅರ್ಧ ನಿಮಿಷದ ಹಿಂದೆ ಜೆಮ್ಸ್ ಅಂತ ಕೈ ಚಾಚಿದವನು ಇವನೇ. ಅಕ್ಕ "ಏಯ್ ಸುಳ್ಳ" ಅಂದಳು. ಅವನು ಸುಳ್ಳು ಹೇಳಲಿಲ್ಲ. ತಾನೇ ತಪ್ಪು ತಿಳಿದಿದ್ದೆ ಅನ್ನುವುದನ್ನು ಮೂರು ವರ್ಷದ ಮಕ್ಕಳಲ್ಲಿ ಬಹಳಷ್ಟು ಮಂದಿ ಹೀಗೇ ಕಳೆದುಕೊಳ್ಳುತ್ತಾರೆ. ಗಾಪ್ನಿಕ್ ಮತ್ತು ಆಸ್ಟಿಂಗ್ಟನ್ 1988ರಲ್ಲಿ ಇದನ್ನೇ ತೋರಿಸಿದ್ದರು. ಅಲ್ಲಿ ಜೆಮ್ಸ್ ಬದಲು ಅದೇ ತರಹದ ಸ್ಮಾರ್ಟೀಸ್ ಡಬ್ಬಿ, ಒಳಗೆ ಪೆನ್ಸಿಲ್. ದೊಡ್ಡವಳು ಮಾತ್ರ ತುಟಿ ಕಚ್ಚಿ ನಗುತ್ತಾ "ಅಜ್ಜಿ ಜೆಮ್ಸ್ ಅಂತಾಳೆ" ಅಂದಳು. ಆಮೇಲೆ ಅಜ್ಜಿಗೆ ತೋರಿಸೋಕೆ ಓಡಿದಳು.

ಎರಡನೇ ಆಟ: ಅಜ್ಜಿಯ ಸಂಚಿ

ಇದರ ಮೂಲ 1983ರದ್ದು. ಆಸ್ಟ್ರಿಯಾದಲ್ಲಿ ವಿಮ್ಮರ್ ಮತ್ತು ಪರ್ನರ್ ಮಕ್ಕಳಿಗೆ ಮ್ಯಾಕ್ಸಿ ಅನ್ನುವ ಹುಡುಗನ ಕಥೆ ಹೇಳಿದರು. ಮ್ಯಾಕ್ಸಿ ಚಾಕೊಲೇಟ್ ಒಂದು ಕಪಾಟಿನಲ್ಲಿಟ್ಟು ಆಡೋಕೆ ಹೋಗುತ್ತಾನೆ, ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕುತ್ತಾಳೆ. ವಾಪಸ್ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಎರಡು ವರ್ಷದ ನಂತರ ಬ್ಯಾರನ್-ಕೋಹೆನ್, ಲೆಸ್ಲಿ ಮತ್ತು ಫ್ರಿತ್ ಇದನ್ನೇ ಎರಡು ಗೊಂಬೆಗಳ ಆಟ ಮಾಡಿದರು, ಅದು ಜಗತ್ತಿಗೆಲ್ಲ ಹರಡಿತು. ನಮಗೆ ಗೊಂಬೆ ಬೇಡ, ಅಜ್ಜಿ ಇದ್ದಾರೆ.

ಅಜ್ಜಿ ತಮ್ಮ ಎಲೆಅಡಿಕೆ ಸಂಚಿಯನ್ನು ಮಗುವಿನ ಮುಂದೆಯೇ ಕಿಟಕಿ ಮೇಲೆ ಇಟ್ಟು ಹಟ್ಟಿ ಕಡೆ ಹೋಗಲಿ. ಅವರು ಹೋದದ್ದನ್ನು ಮಗು ಕಣ್ಣಾರೆ ನೋಡಬೇಕು. ಆಮೇಲೆ, "ಬಾ, ಅಜ್ಜಿಗೆ ಒಂದು ಚೇಷ್ಟೆ ಮಾಡೋಣ" ಅಂತ ಮಗುವಿನ ಕೈಯಲ್ಲೇ ಸಂಚಿಯನ್ನು ದಿಂಬಿನ ಕೆಳಗೆ ಇಡಿಸಿ. ಈಗ ಕೇಳಿ: "ಅಜ್ಜಿ ಬಂದು ಸಂಚಿಗೆ ಮೊದಲು ಎಲ್ಲಿ ನೋಡ್ತಾಳೆ?"

"ಮೊದಲು" ಅನ್ನುವ ಆ ಒಂದು ಮಾತು ಬಿಡಬೇಡಿ. "ಎಲ್ಲಿ ನೋಡಬೇಕು" ಅಂತಲೂ ಕೇಳಬೇಡಿ. ಎಲ್ಲಿ ನೋಡಬೇಕು ಅಂದರೆ ದಿಂಬಿನ ಕೆಳಗೇ ತಾನೆ, ಮಗು ಹೇಳಿದ್ದು ಸರಿ ಆಗಿಬಿಡುತ್ತದೆ. ಸಣ್ಣ ಮಕ್ಕಳು ನಮ್ಮ ಪ್ರಶ್ನೆಯನ್ನು "ಸಂಚಿ ಎಲ್ಲಿದೆ, ಅಜ್ಜಿಗೆ ಸಹಾಯ ಮಾಡು" ಅಂತ ಕೇಳಿಸಿಕೊಳ್ಳುವ ಸಂಭವ ಜಾಸ್ತಿ. "ಮೊದಲು" ಸೇರಿಸಿದರೆ ಮೂರು ವರ್ಷದವರೂ ಇನ್ನಷ್ಟು ಚೆನ್ನಾಗಿ ಉತ್ತರಿಸಿದ್ದನ್ನು 1991ರಲ್ಲೇ ಕಂಡಿದ್ದಾರೆ.

ಉತ್ತರ ಬಂದ ಮೇಲೆ ಇನ್ನೆರಡು ಕೇಳಲೇಬೇಕು. "ಅಜ್ಜಿ ಮೊದಲು ಎಲ್ಲಿಟ್ಟಿದ್ದಳು?" "ಈಗ ಎಲ್ಲಿದೆ?" ಇವು ತಪ್ಪಿದರೆ ಮಗುವಿಗೆ ನಡೆದದ್ದೇ ನೆನಪಿಲ್ಲ ಅಂತ ಅರ್ಥ, ಮನಸ್ಸಿನ ಮಾತು ಆಮೇಲಾಯಿತು. ಇನ್ನೊಂದು, ಇರುವುದೇ ಎರಡು ಜಾಗ. ಸುಮ್ನೆ ಬಾಯಿಗೆ ಬಂದದ್ದು ಹೇಳಿದರೂ ಅರ್ಧ ಸಲ ಸರಿ ಬರುತ್ತದೆ. ಆದ್ದರಿಂದ ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ, ಬೇರೆ ದಿನ ಬೇರೆ ವಸ್ತು ಇಟ್ಟು ಇನ್ನೆರಡು ಸಲ ಆಡಿ. ದಿನಾ ಆಡಿದರೂ ಕೆಟ್ಟಿತು, ಮಗ್ಗಿ ತರಹ ಬಾಯಿಪಾಠ ಆಗುತ್ತದೆ.

ನಮ್ಮಲ್ಲಿ ಆಟ ಕೆಡಿಸಿದ್ದು ಅಜ್ಜಿಯೇ. ಹುಡುಗ "ದಿಂಬಿನ ಕೆಳಗೆ ನೋಡ್ತಾಳೆ" ಅಂದದ್ದು ಅವರಿಗೆ ಹೊರಗಿನಿಂದ ಕೇಳಿಸಿತು. ಮೊಮ್ಮಗ ಸೋಲಬಾರದಲ್ಲ, ನೇರವಾಗಿ ಬಂದು ದಿಂಬು ಎತ್ತಿ ಸಂಚಿ ತೆಗೆದುಕೊಂಡು, "ನನ್ನ ಚಿನ್ನ ಸರಿಯಾಗೇ ಹೇಳ್ದ" ಅಂದರು. ಹುಡುಗ ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಹೊರಗೆ ಹೋಗುವವರಿಗೆ ಮೊದಲೇ ಹೇಳಿಟ್ಟಿರಿ: ಬಂದು ಇಟ್ಟ ಜಾಗದಲ್ಲೇ ಹುಡುಕಿ, ಸಿಗದೆ ತಲೆ ಕೆರೆದುಕೊಳ್ಳಿ, "ಇಲ್ಲೇ ಇಟ್ಟಿದ್ದೆ ಅಂದ್ಕೊಂಡಿದ್ದೆನಲ್ಲ" ಅನ್ನಿ. ಮಗು ತಪ್ಪು ಹೇಳಿದ್ದರೂ ನೀವು ತಿದ್ದಬೇಕಿಲ್ಲ, ಅಜ್ಜಿ ಕಿಟಕಿ ಹತ್ತಿರ ಹೋಗುವುದನ್ನು ನೋಡುವುದೇ ಅದಕ್ಕೆ ಸಾಕು.

ಆಡಿಸುವ ದಿನವನ್ನೂ ನೋಡಿಕೊಳ್ಳಿ. ಹುಳ ಹಣ್ಣಾಗಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡುವ ದಿನ ಆ ಮನೆಯಲ್ಲಿ ಯಾರಿಗೂ ಉಸಿರಾಡೋಕೆ ಪುರುಸೊತ್ತಿರುವುದಿಲ್ಲ, ಅವತ್ತು ಮಗುವನ್ನು ಕೂರಿಸಿ ಪ್ರಶ್ನೆ ಕೇಳಿದರೆ ಅದು ಅಳುತ್ತದೆ, ನೀವು ಬೈಯುತ್ತೀರಿ.

ಯಾವ ವಯಸ್ಸಿಗೆ ಸರಿ ಹೇಳಬೇಕು? 2001ರಲ್ಲಿ ವೆಲ್ಮನ್ ಮತ್ತು ಜೊತೆಯವರು ಈ ತರಹದ 178 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಮೂರರ ಆಸುಪಾಸಿನಲ್ಲಿ ತಪ್ಪೇ ಜಾಸ್ತಿ, ನಾಲ್ಕು ದಾಟುತ್ತಾ ಸರಿ ಜಾಸ್ತಿ. ಚೇಷ್ಟೆ ಅಂತ ಹೇಳಿದರೆ, ಮಗುವೇ ಕೈಯಾರೆ ವಸ್ತು ಜಾಗ ಬದಲಿಸಿದರೆ ಉತ್ತರ ಸುಧಾರಿಸುತ್ತದೆ ಅನ್ನುವುದೂ ಅಲ್ಲೇ ಕಂಡಿತು, ಅದಕ್ಕೇ ಮೇಲೆ ಹಾಗೆ ಆಡಿಸಿ ಅಂದದ್ದು. ಹಾಗೆ ಮಾಡಿದರೂ ವಯಸ್ಸಿನ ಏರು ಮಾತ್ರ ಅಳಿಸಿಹೋಗುವುದಿಲ್ಲ. ಇದು ಬರೀ ಫಾರಿನ್ ಮಕ್ಕಳ ಲೆಕ್ಕ ಅನ್ನುವವರಿಗೆ: 2005ರಲ್ಲಿ ಕೆನಡಾ, ಪೆರು, ಸಮೋವಾ, ಥಾಯ್ಲೆಂಡ್ ಜೊತೆ ನಮ್ಮ ಭಾರತದ ಮಕ್ಕಳನ್ನೂ ಸೇರಿಸಿ ಒಂದು ಅಧ್ಯಯನ ಆಯಿತು. ಐದೂ ಕಡೆ ಐದು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಸರಿ ಹೇಳಿದರು. ಮೂರೂವರೆಯಲ್ಲಿ ತಪ್ಪಿದ ನಮ್ಮ ಹುಡುಗನ ಬಗ್ಗೆ ಅಕ್ಕ ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದಳು.

ಪಾಪುಗೆ ಏನು?

ಮಾತೇ ಬರದ ಮಗುವಿಗೆ ಪ್ರಶ್ನೆ ಕೇಳೋಕೆ ಆಗುವುದಿಲ್ಲ. ಆದರೆ ಇಷ್ಟದ ಆಟ ಆಡಬಹುದು. ಒಂದು ಬಟ್ಟಲಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಬೇಯಿಸಿದ ಹಾಗಲಕಾಯಿ. ಪಾಪು ಬಿಸ್ಕತ್ತಿಗೇ ಕೈ ಹಾಕುತ್ತದೆ. ಈಗ ನೀವು ಹಾಗಲಕಾಯಿ ತಿಂದು "ಆಹಾ, ಎಷ್ಟು ಚೆನ್ನಾಗಿದೆ" ಅನ್ನಿ, ಬಿಸ್ಕತ್ತು ಕಚ್ಚಿ ಮುಖ ಕಿವುಚಿ "ಥೂ" ಅನ್ನಿ. ನಾಟಕ ಜೋರಾಗೇ ಇರಲಿ. ಆಮೇಲೆ ಎರಡೂ ಬಟ್ಟಲು ಪಾಪು ಹತ್ತಿರ ತಳ್ಳಿ, ನಡುವೆ ಅಂಗೈ ಚಾಚಿ "ನಂಗೆ ಸ್ವಲ್ಪ ಕೊಡು" ಅನ್ನಿ. ಯಾವ ಬಟ್ಟಲನ್ನೂ ನೋಡಬೇಡಿ, ಪಾಪುವಿನ ಮುಖ ನೋಡಿ.

1997ರಲ್ಲಿ ರೆಪಾಕೋಲಿ ಮತ್ತು ಗಾಪ್ನಿಕ್ ಇದನ್ನು ಬಿಸ್ಕತ್ತು ಮತ್ತು ಹಸಿ ಬ್ರೊಕೊಲಿ ಇಟ್ಟು ಮಾಡಿದ್ದರು. 14 ತಿಂಗಳ ಮಕ್ಕಳು ತಮಗೆ ಇಷ್ಟವಾದ ಬಿಸ್ಕತ್ತನ್ನೇ ಕೊಟ್ಟರು. 18 ತಿಂಗಳ ಮಕ್ಕಳು, ತಾವು ಮುಟ್ಟದ ಬ್ರೊಕೊಲಿಯನ್ನು ಎತ್ತಿ ಕೊಟ್ಟರು. ಅಂದರೆ ಇನ್ನೊಬ್ಬರು ಏನು ಅಂದುಕೊಂಡಿದ್ದಾರೆ ಅನ್ನುವುದಕ್ಕಿಂತ ಮುಂಚೆ, ಅವರಿಗೆ ಏನು ಬೇಕು ಅನ್ನುವುದು ಅರ್ಥವಾಗುತ್ತದೆ. ನಮ್ಮ ಪಾಪು ಹಾಗಲಕಾಯಿ ಎತ್ತಿದ್ದು ನಿಜ, ಅದನ್ನು ನನ್ನ ಕೈಗೆ ಕೊಡದೆ ಅಂಗಿಗೆ ಒರೆಸಿದ. ನಾನು ಅದನ್ನು ಪಾಸ್ ಅಂತಲೇ ಬರೆದುಕೊಂಡೆ.

ಇನ್ನೊಬ್ಬರು ತಪ್ಪು ತಿಳಿದುಕೊಂಡಿರಬಹುದು ಅನ್ನುವುದು ಇನ್ನೂ ಸಣ್ಣ ಮಕ್ಕಳಿಗೂ ಗೊತ್ತು ಅನ್ನುವವರಿದ್ದಾರೆ. 2005ರಲ್ಲಿ ಓನಿಷಿ ಮತ್ತು ಬಯಾರ್ಜಾನ್ 15 ತಿಂಗಳ ಮಕ್ಕಳ ಮುಂದೆ ಎರಡು ಪೆಟ್ಟಿಗೆ, ಒಂದು ಆಟದ ಕಲ್ಲಂಗಡಿ ಹೋಳು ಇಟ್ಟು ಅಜ್ಜಿಯ ಸಂಚಿಯಂಥದ್ದೇ ಆಟ ಆಡಿದರು. ವಸ್ತು ಜಾಗ ಬದಲಾದದ್ದು ಗೊತ್ತಿಲ್ಲದ ಹೆಂಗಸು ನೇರವಾಗಿ ಸರಿಯಾದ ಪೆಟ್ಟಿಗೆಗೆ ಕೈ ಹಾಕಿದಾಗ ಮಕ್ಕಳು ಹೆಚ್ಚು ಹೊತ್ತು ದಿಟ್ಟಿಸಿದರು, 'ಇವಳಿಗೆ ಹೇಗೆ ಗೊತ್ತಾಯ್ತು' ಅನ್ನುವ ಹಾಗೆ. ಕೇಳೋಕೆ ಬಹಳ ಚೆನ್ನಾಗಿದೆ. ಆದರೆ ಆ ಸಾಲಿನ ಪ್ರಯೋಗಗಳನ್ನು ಆಮೇಲೆ ಬೇರೆ ಬೇರೆ ಕಡೆ ಮತ್ತೆ ಮಾಡಿದಾಗ ಎಲ್ಲ ಕಡೆ ಅದೇ ಫಲ ಬರಲಿಲ್ಲ, ಜಗಳ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಏನೋ ಒಂದು ಮೊಳಕೆ ಅಲ್ಲಿದೆ, ಆದರೆ ಅದು ಬಾಯಲ್ಲಿ ಹೇಳುವ ತಿಳಿವಳಿಕೆ ಆಗೋಕೆ ವರ್ಷಗಳು ಬೇಕು. ಮನೆಯಲ್ಲಿ ಇದನ್ನು ಮಾಡೋಕೆ ಹೋಗಬೇಡಿ. ಮಗು ಎಷ್ಟು ಸೆಕೆಂಡು ನೋಡಿತು ಅಂತ ಅಳೆಯಬೇಕು, ಅದು ನಮ್ಮ ಕೈಲಾಗುವ ಕೆಲಸ ಅಲ್ಲ.

ಬೆಳೆಸುವುದು ಹೇಗೆ

ಪಾಠ ಮಾಡಬೇಡಿ, ಮಾತಾಡಿ. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆ ಆಯುಧ ಇದೆ. "ಅಂದುಕೊಂಡಿದ್ದೆ" ಅನ್ನುವ ಮಾತು. "ಅವನಿಗೆ ಗೊತ್ತಿತ್ತು" ಅಂದರೆ ಅದು ನಿಜ. "ಅವನು ಅಂದುಕೊಂಡಿದ್ದ" ಅಂದ ಕೂಡಲೇ ಮುಂದೆ ಏನೋ ಎಡವಟ್ಟಿದೆ ಅಂತ ಕಿವಿ ನೆಟ್ಟಗಾಗುತ್ತದೆ, ಅಲ್ವಾ? ಈ ಎರಡೂ ಮಾತು ದಿನದ ಕೆಲಸದಲ್ಲೇ ಬರಲಿ. "ಬಸ್ಸು ಬರುತ್ತೆ ಅಂದ್ಕೊಂಡು ಅಪ್ಪ ಹೋಗಿದ್ರು, ಇವತ್ತು ಬರಲೇ ಇಲ್ಲ." "ಮೋಡ ನೋಡಿ ಮಳೆ ಬರುತ್ತೆ ಅಂದ್ಕೊಂಡು ಅಮ್ಮ ಬಟ್ಟೆ ಒಳಗೆ ತಂದ್ಲು, ನೋಡು ಬಿಸಿಲು." ನಮ್ಮ ಮನೆಗಳಲ್ಲಿ ಮಕ್ಕಳ ಜೊತೆ "ಬಾ, ಹೋಗು, ತಿನ್ನು, ಮುಟ್ಟಬೇಡ" ಅನ್ನುವುದರಲ್ಲೇ ದಿನ ಮುಗಿದುಹೋಗುತ್ತದೆ.

ಕಥೆ ಹೇಳುವಾಗ ನಡುವೆ ನಿಲ್ಲಿಸಿ. ಕೋತಿ ಮೊಸಳೆ ಕಥೆ ಎಲ್ಲರಿಗೂ ಗೊತ್ತು. "ನನ್ನ ಹೃದಯ ಮರದ ಮೇಲಿದೆ" ಅಂತ ಕೋತಿ ಹೇಳಿದ ಮೇಲೆ ನಿಲ್ಲಿಸಿ ಕೇಳಿ: "ಈಗ ಮೊಸಳೆ ಏನಂದ್ಕೊಂಡಿದೆ? ನಿಜವಾಗ್ಲೂ ಹೃದಯ ಎಲ್ಲಿದೆ?" ಆ ಕಥೆಯ ಸ್ವಾರಸ್ಯ ಇರುವುದೇ ಅಲ್ಲಿ. ಮೂರು ವರ್ಷದ ಮಗು ಹಾಗೇ ಕೇಳಿ ಹಣ್ಣಿನ ಬಗ್ಗೆ ಯೋಚಿಸುತ್ತದೆ, ಐದು ವರ್ಷದ್ದು ಮೊಸಳೆಯ ಪೆದ್ದುತನಕ್ಕೆ ಬಿದ್ದು ಬಿದ್ದು ನಗುತ್ತದೆ.

ನಮ್ಮ ಕಡೆ ಇನ್ನೊಂದು ವಿಷಯ. ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ ಇರುವ ಮಕ್ಕಳು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಪ್ರಶ್ನೆಯನ್ನು ಮಗು ಮನೆಯಲ್ಲಾಡುವ ಭಾಷೆಯಲ್ಲೇ ಕೇಳಿ, ಇಲ್ಲದಿದ್ದರೆ ಭಾಷೆ ತಪ್ಪಿದ್ದನ್ನು ಬುದ್ಧಿ ತಪ್ಪಿದ್ದು ಅಂದುಕೊಳ್ಳುತ್ತೀರಿ. ಎರಡು ಭಾಷೆ ಆದರೆ ಮಗುವಿಗೆ ಗೊಂದಲ ಆಗುತ್ತದೆ ಅನ್ನುವ ಹೆದರಿಕೆಯೂ ಬೇಡ. ಕೆಲವು ಅಧ್ಯಯನಗಳಲ್ಲಿ ಎರಡು ಭಾಷೆಯ ಮಕ್ಕಳೇ ಇಂಥ ಆಟದಲ್ಲಿ ಸ್ವಲ್ಪ ಮುಂದಿದ್ದಾರೆ. ಈ ಅಜ್ಜಿಗೆ ತೆಲುಗು, ಟೀಚರಮ್ಮನಿಗೆ ಕನ್ನಡ ಅಂತ ದಿನಾ ಲೆಕ್ಕ ಇಟ್ಟುಕೊಳ್ಳುವ ಮಗುವಿಗೆ ಎಲ್ಲರ ತಲೆಯೂ ಒಂದೇ ಅಲ್ಲ ಅನ್ನುವುದು ಬೇಗ ಹೊಳೆದರೆ ಆಶ್ಚರ್ಯ ಏನು.

ಕಿವಿ ಕೇಳದ ಮಗು ಮನೆಯಲ್ಲಿದ್ದರೆ ಮಾತ್ರ ಕಾಯಬೇಡಿ. ಕಿವಿ ಕೇಳುವ ತಂದೆತಾಯಿಗೆ ಹುಟ್ಟಿ, ಸನ್ನೆ ಭಾಷೆ ತಡವಾಗಿ ಸಿಕ್ಕ ಮಕ್ಕಳಿಗೆ ಈ ತಿಳಿವಳಿಕೆ ವರ್ಷಗಟ್ಟಲೆ ತಡವಾಗುತ್ತದೆ. ಹುಟ್ಟಿದಾಗಿನಿಂದ ಮನೆಮಂದಿ ಸನ್ನೆ ಭಾಷೆಯಲ್ಲೇ ಮಾತಾಡುವ ಮನೆಯ ಮಕ್ಕಳಿಗೆ ಹಾಗಾಗುವುದಿಲ್ಲ. ಕೊರತೆ ಕಿವಿಯದ್ದಲ್ಲ, ಮಾತುಕತೆಯದ್ದು.

ಒಂದು ಎಚ್ಚರಿಕೆ

ಈ ಆಟ ಆಡಿಸಿದರೆ ಮಗು ಸುಳ್ಳು ಹೇಳೋಕೆ ಕಲಿಯಬಹುದು. ತಮಾಷೆ ಅಲ್ಲ. ಅಲ್ಲಿಯವರೆಗೆ ಸುಳ್ಳೇ ಹೇಳದ ಚೀನಾದ ಮೂರು ವರ್ಷದ ಮಕ್ಕಳಿಗೆ ಇಂಥ ಆಟಗಳಲ್ಲಿ ತರಬೇತಿ ಕೊಟ್ಟಾಗ, ಅವರು ಆಟದಲ್ಲಿ ಗೆಲ್ಲೋಕೆ ಎದುರಾಳಿಗೆ ಸುಳ್ಳು ಹೇಳತೊಡಗಿದರು ಅಂತ 2015ರಲ್ಲಿ ಪ್ರಕಟವಾಗಿದೆ. ಅಕ್ಕನಿಗೆ ಇದನ್ನು ಹೇಳಿದಾಗ, "ಅದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ" ಅಂದಳು. ಮೊದಲ ಸುಳ್ಳು ಬಂದ ದಿನ ಬೈಯಿರಿ, ಬೇಡ ಅನ್ನುವುದಿಲ್ಲ. ಆದರೆ ಆ ಸುಳ್ಳಿನ ಹಿಂದೆ ಎಷ್ಟು ಕೆಲಸ ನಡೆದಿದೆ ಅಂತಲೂ ಒಂದು ಕ್ಷಣ ಯೋಚಿಸಿ.

ಇನ್ನು ಆಟಿಸಂ ಮಾತು. 1985ರ ಗೊಂಬೆ ಆಟದಲ್ಲಿ ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ತಪ್ಪು ಹೇಳಿದ್ದರು, 4 ಮಂದಿ ಸರಿ ಹೇಳಿದ್ದರು. ಇದನ್ನು ಎಲ್ಲೋ ಓದಿ, ಮನೆಯಲ್ಲಿ ಸಂಚಿ ಆಟ ತಪ್ಪಿದ ಮಗುವಿಗೆ ಹೆಸರು ಕಟ್ಟಬೇಡಿ. ಮೂರು ವರ್ಷದ ಮಕ್ಕಳು ತಪ್ಪುವುದೇ ಮಾಮೂಲು. ನೋಡಬೇಕಾದ್ದು ಇನ್ನೂ ಮುಂಚಿನದು: ಒಂದೂವರೆ ವರ್ಷವಾದರೂ ಬೆರಳು ಮಾಡಿ ಏನನ್ನೂ ತೋರಿಸುತ್ತಿಲ್ಲ, ಹೆಸರು ಕೂಗಿದರೆ ತಿರುಗುವುದಿಲ್ಲ, ನೀವು ತೋರಿಸಿದ ಕಡೆ ನೋಡುವುದಿಲ್ಲ ಅಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ನೆಂಟರ ಸಮಾಧಾನಕ್ಕೆ ಕಾಯಬೇಡಿ.

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ತಾರೀಖು ಹಾಕಿ, ಮಗು ಹೇಳಿದ್ದನ್ನು ಅದರ ಮಾತಲ್ಲೇ ಬರೆದಿಡಿ. ಎರಡು ಮೂರು ತಿಂಗಳಿಗೊಮ್ಮೆ ಸಾಕು. ನಮ್ಮ ಹುಡುಗನದು ಮೊದಲ ಸಲ "ಗೂಡು". ಮೂರು ತಿಂಗಳ ನಂತರ, ಪ್ಯಾಕೆಟ್ ಬೇರೆ, ಒಳಗೆ ಬಟ್ಟೆಪಿನ್ನು, ಆಗಲೂ "ಪಿನ್ನು" ಅಂದ, ಆದರೆ ಹೇಳುವ ಮುಂಚೆ ಅಜ್ಜಿ ಕಡೆ ಒಮ್ಮೆ ನೋಡಿದ. ನಾಲ್ಕು ತುಂಬಿದ ಮೇಲೆ ಹೋಗಿದ್ದೆ. ಬಿಚ್ಚಿ ತೋರಿಸಿ, ಮುಚ್ಚಿ, ಅದೇ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಅಜ್ಜಿ ಜೆಮ್ಸ್ ಅಂದ್ಕೋತಾಳೆ" ಅಂದ. ಅಕ್ಕ ಚಪ್ಪಾಳೆ ತಟ್ಟಿದಳು. ಅವನು ಅದಕ್ಕೆಲ್ಲ ಸೊಪ್ಪು ಹಾಕದೆ ನನ್ನ ಜೇಬಿನ ಕಡೆ ನೋಡುತ್ತಾ ಕೇಳಿದ: "ಮಾವಾ, ಇದರಲ್ಲಿದ್ದ ಜೆಮ್ಸ್ ಎಲ್ಲ ಯಾರು ತಿಂದ್ರು?"